ವಿಜಯನಗರದ ಇತಿಹಾಸ: ಕಡಿಮೆ ಬೆಲೆಯ ಇ-ಪುಸ್ತಕಗಳು ಎಲ್ಲಿ ಸಿಗುತ್ತವೆ?

ಪ್ರಶ್ನೆ

ನಮಸ್ಕಾರ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಸಾಲುಸಾಲಾಗಿ ಕೆತ್ತಿರುವ ಆನೆ, ಕುದುರೆ, ಬೇಟೆಗಾರರನ್ನು ನೋಡಿ ಬಂದ ಮೇಲೆ, ಆ ವೈಭವವನ್ನು ಕಣ್ಣಾರೆ ಕಂಡವರು ಬರೆದಿಟ್ಟದ್ದನ್ನು ಓದಬೇಕೆಂಬ ಆಸೆ ಹುಟ್ಟಿದೆ. ಮನೆಯಲ್ಲಿ ಇನ್ನಷ್ಟು ಪುಸ್ತಕಗಳಿಗೆ ಜಾಗವಿಲ್ಲದ ಕಾರಣ ಇ-ಪುಸ್ತಕಗಳನ್ನೇ ಹುಡುಕುತ್ತಿದ್ದೇನೆ. ರಾಬರ್ಟ್ ಸೆವೆಲ್ ಅವರ ‘ಎ ಫರ್ಗಾಟನ್ ಎಂಪೈರ್’ ಒಂದು ಜಾಲಮಳಿಗೆಯಲ್ಲಿ ಶೇ 70 ರಿಯಾಯಿತಿಯೊಂದಿಗೆ 149 ರೂಪಾಯಿಗೆ ಕಾಣಿಸಿತು. ಕೊಳ್ಳಬಹುದೇ?

ಉತ್ತರ 1

ದಯವಿಟ್ಟು ಕೊಳ್ಳಬೇಡಿ. ಅದು 1900ರಲ್ಲಿ ಪ್ರಕಟವಾದ ಪುಸ್ತಕ. ಸೆವೆಲ್ ತೀರಿಕೊಂಡದ್ದು 1925ರಲ್ಲಿ. ನಮ್ಮ ದೇಶದಲ್ಲಿ ಲೇಖಕರ ಮರಣಾನಂತರ 60 ವರ್ಷ ಮಾತ್ರ ಹಕ್ಕುಸ್ವಾಮ್ಯ ಇರುವುದರಿಂದ ಅದರ ಅವಧಿ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಇಡೀ ಪುಸ್ತಕ ಉಚಿತವಾಗಿ ಸಿಗುತ್ತದೆ. ಉಚಿತವಾಗಿರುವುದಕ್ಕೆ ಬೆಲೆ ಕಟ್ಟಿ, ಆ ಬೆಲೆಯಲ್ಲಿ ರಿಯಾಯಿತಿ ತೋರಿಸುವವರೇ ಈ ವಿಷಯದಲ್ಲಿ ಹೆಚ್ಚು. ನಾನೂ ಒಮ್ಮೆ ಅಂಥದೊಂದು ಮರುಮುದ್ರಣಕ್ಕೆ ಹಣ ಕೊಟ್ಟು, ಅಡಿಟಿಪ್ಪಣಿಗಳೆಲ್ಲ ವಾಕ್ಯಗಳ ನಡುವೆ ನುಗ್ಗಿಕೊಂಡಿದ್ದ ಪ್ರತಿಯನ್ನು ಓದಲಾರದೆ ಕೈಬಿಟ್ಟಿದ್ದೇನೆ.

ನಿಮಗೆ ಬೇಕಾದ ಕಣ್ಣಾರೆ ಕಂಡವರ ಬರಹಗಳೂ ಅದರಲ್ಲೇ ಇವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್ ಮತ್ತು ಅಚ್ಯುತದೇವರಾಯನ ಕಾಲದ ಫರ್ನಾವೊ ನೂನಿಜ್, ಈ ಇಬ್ಬರು ಪೋರ್ಚುಗೀಸರ ಬರಹಗಳ ಅನುವಾದ ಪುಸ್ತಕದ ಎರಡನೆಯ ಭಾಗದಲ್ಲಿದೆ. ಹುಡುಕುವಾಗ ಒಂದು ವಿಷಯ ನೆನಪಿರಲಿ: ಅವರ ಬರಹದಲ್ಲಿ ವಿಜಯನಗರ ‘ಬಿಸ್ನಗ’ ಆಗಿದೆ, ಕೃಷ್ಣರಾಯ ‘ಕ್ರಿಸ್ನರಾವ್’ ಆಗಿದ್ದಾನೆ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಪ್ರವಾಸಿಗರ ಬರಹವನ್ನಷ್ಟೇ ನೆಚ್ಚಬಾರದು, ಶಾಸನಗಳನ್ನೂ ನೋಡಬೇಕು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿವೆ. ಅವುಗಳಲ್ಲಿ ಹಂಪಿಯ ಶಾಸನಗಳನ್ನು ಹುಡುಕಿ ನಿರಾಶರಾಗಬೇಡಿ. ಆಗ ಹಂಪಿ ಇದ್ದ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ರೈಸ್ ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತವಾಗಿತ್ತು. ಹಂಪಿಗಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 4 ಮತ್ತು 9ನೇ ಸಂಪುಟಗಳನ್ನು ನೋಡಿ. ಇವು ಪುಟಗಳ ಸ್ಕ್ಯಾನ್ ಪ್ರತಿಗಳಾದ್ದರಿಂದ ಫೋನಿನ ಸಣ್ಣ ಪರದೆಯಲ್ಲಿ ಓದುವುದು ಕಷ್ಟ.

ಉತ್ತರ 3

ರಿಯಾಯಿತಿಯ ಪ್ರಶ್ನೆ ನಿಜವಾಗಿ ಏಳುವುದು ಈಚಿನ ಪುಸ್ತಕಗಳ ವಿಷಯದಲ್ಲಿ. ಬರ್ಟನ್ ಸ್ಟೈನ್ ಅವರ ‘ವಿಜಯನಗರ’ (1989) ಸೆವೆಲ್‌ರ ಎಷ್ಟೋ ತೀರ್ಮಾನಗಳನ್ನು ಪ್ರಶ್ನಿಸುವ ಕಾರಣ ಅದನ್ನು ಓದಲೇಬೇಕು. ಇಂಥವನ್ನು ಅಪೇಕ್ಷಿತ ಪಟ್ಟಿಗೆ ಸೇರಿಸಿಟ್ಟು, ಬೆಲೆ ಇಳಿಯುವವರೆಗೆ ಕಾಯುವುದು ನನ್ನ ರೂಢಿ. ಕೊಳ್ಳುವ ಮುನ್ನ ಉಚಿತ ಮಾದರಿ ಪುಟಗಳನ್ನು ತೆರೆದು, ನಕ್ಷೆಗಳೂ ಪದಸೂಚಿಯೂ ಇವೆಯೇ ಎಂದು ನೋಡಿ. ಮುದ್ರಿತ ಪ್ರತಿಯ ಬೆಲೆಯನ್ನೂ ಹೋಲಿಸಿ, ಏಕೆಂದರೆ ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗುಟೆನ್‌ಬರ್ಗ್ ಪ್ರತಿಯನ್ನು ಇಳಿಸಿಕೊಂಡು ನಿನ್ನೆ ರಾತ್ರಿಯೇ ಪಾಯೆಸ್‌ನ ಮಹಾನವಮಿ ವರ್ಣನೆಯನ್ನು ಓದಿದೆ. ಮೊದಲ ದಿನ 24 ಕೋಣ, 150 ಕುರಿಗಳ ಬಲಿ. ಕೊನೆಯ ದಿನ 250 ಕೋಣ, 4,500 ಕುರಿ! ದಿಬ್ಬದ ಮೇಲೆ ನಿಂತಾಗ ಇದರ ಕಲ್ಪನೆಯೇ ಇರಲಿಲ್ಲ. ಸ್ಟೈನ್ ಪುಸ್ತಕವನ್ನು ಪಟ್ಟಿಗೆ ಸೇರಿಸಿದ್ದೇನೆ.