ಅಪ್‌ಡೇಟ್: ಲೈನ್ ಮನೆಗಳ ತೋಡಿನ ನೀರಿನ ಪರೀಕ್ಷೆಗೆ ಅನುದಾನ ಸಿಕ್ಕಿತು

ಪೊನ್ನಂಪೇಟೆ ಕಡೆಯ ನಮ್ಮ ಲೈನ್ ಮನೆಗಳವರು (ತೋಟದ ಕಾರ್ಮಿಕರ ಸಾಲು ಮನೆಗಳಲ್ಲಿರುವವರು) ಬಳಸುವ ತೋಡಿಗೆ (ಸಣ್ಣ ಹೊಳೆಗೆ) ಕಾಫಿ ಪಲ್ಪಿಂಗ್ ನೀರು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು, ಸೇರುತ್ತಿದೆ, ಅದರ ಪರೀಕ್ಷೆಗೆ ಸಣ್ಣ ಅನುದಾನ ಎಲ್ಲಿ ದೊರೆಯಬಹುದು ಎಂದು ಪುತ್ತರಿ ಹಬ್ಬ ಮುಗಿದ ಮರುವಾರ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ವಿದೇಶಿ ಸಂಸ್ಥೆಗಳಿಗೆ ಬರೆಯುವ ಸಲಹೆ ನಮಗೆ ಫಲಿಸಲಿಲ್ಲ. ಅವರ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಗೆ ಸಂಘಕ್ಕೆ ಕನಿಷ್ಠ 3 ವರ್ಷ ತುಂಬಿರಬೇಕು. ನಮ್ಮದು ನೋಂದಣಿಯೇ ಆಗದ ಸ್ವಸಹಾಯ ಗುಂಪು. ನೋಂದಾಯಿತ ಸಂಸ್ಥೆಯೊಂದು ವಿದೇಶಿ ಹಣ ಪಡೆದು ನಮಗೆ ವರ್ಗಾಯಿಸುವುದನ್ನೂ ಆ ಕಾಯ್ದೆಯ 2020ರ ತಿದ್ದುಪಡಿ ನಿಷೇಧಿಸಿದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಬೇಕೆಂದು ತಿಳಿದು ಆ ದಾರಿಯನ್ನೂ ಬಿಟ್ಟೆವು.

ಕೆಲಸ ಮಾಡಿದ್ದು, ದೇಶೀಯ ದೇಣಿಗೆ ನಿರ್ವಹಿಸುವ ಸ್ಥಳೀಯ ಟ್ರಸ್ಟಿನ ಹೆಸರಿನಲ್ಲಿ ಅರ್ಜಿ ಹಾಕಿ, ಖರ್ಚಿನ ಲೆಕ್ಕವನ್ನು ಅವರೇ ಇಡಲಿ ಎಂದ ಸದಸ್ಯರ ಸಲಹೆ. ಎರಡೇ ಪುಟದ ಅರ್ಜಿಗೆ 40,000 ರೂಪಾಯಿ ಮಂಜೂರಾಗಿದೆ. ಯಾವ ಮನೆಯವರು ಎಲ್ಲಿಂದ ನೀರು ತರುತ್ತಾರೆಂದು ಹೆಂಗಸರೇ ಕೈಯಲ್ಲಿ ಬರೆದ ನಕ್ಷೆಯು ನನ್ನ ಉದ್ದುದ್ದ ವಿವರಣೆಗಿಂತ ಹೆಚ್ಚು ಪ್ರಯೋಜನಕ್ಕೆ ಬಂದಿತು.

ಅಚ್ಚರಿಯೆಂದರೆ, ಪ್ರಾಥಮಿಕ ಪರೀಕ್ಷೆಗೆ ಹಣವೇ ಬೇಕಿರಲಿಲ್ಲ: ಜಲ ಜೀವನ್ ಮಿಷನ್‌ನಡಿ ಬಂದ ಪರೀಕ್ಷಾ ಕಿಟ್ ಪಂಚಾಯಿತಿಯಲ್ಲೇ ಇತ್ತು. ಆದರೆ ಆಮ್ಲೀಯತೆಯಂತಹ ಅಂಶಗಳನ್ನಷ್ಟೇ ತೋರಿಸುವ ಆ ಕಿಟ್ಟಿನಿಂದ, ಪಲ್ಪಿಂಗ್ ನೀರಿನ ಮುಖ್ಯ ದೋಷವಾದ ಸಾವಯವ ಹೊರೆಯನ್ನು (ಕೊಳೆಯುವ ವಸ್ತುಗಳ ಪ್ರಮಾಣವನ್ನು) ಅಳೆಯಲಾಗದು. ಅದಕ್ಕೆ ಆ ವಸ್ತುಗಳು ಕೊಳೆಯುವಾಗ ನೀರಿನಿಂದ ಎಷ್ಟು ಆಮ್ಲಜನಕ ಹೀರುತ್ತವೆ ಎಂದು ಅಳೆಯುವ, ಪ್ರಯೋಗಾಲಯದ ಬಿಒಡಿ ಪರೀಕ್ಷೆಯೇ ಬೇಕು. ಪಲ್ಪಿಂಗ್ ನಡೆಯುತ್ತಿರುವಾಗಲೇ ಮಾದರಿ ತೆಗೆಯಬೇಕಾದ್ದರಿಂದ ಮೊದಲ ಕಂತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.