ಸಹಾಯ ಬೇಕು: ಟಿಎಲ್ (ಪರೀಕ್ಷೆಯಲ್ಲಿ ದೋಷ ಸಿಕ್ಕದ) ಹೋರಿಯ ಕರುವಿಗೂ ಬ್ಲಾಡ್ (BLAD, ದನಗಳ ಒಂದು ಹುಟ್ಟುಕಾಯಿಲೆ) ಬರುತ್ತದಾ?

ನಮ್ಮ ಎಚ್‌ಎಫ್ ಹಸುವಿನ ಕರು ತೀರಿಕೊಂಡಿತು, ತುಂಬಾ ಸಂಕಟ ಆಗಿದೆ. ಗಿಣ್ಣು ಹಾಲು ಚೆನ್ನಾಗಿಯೇ ಕುಡಿದಿತ್ತು. ಆದರೂ ಭೇದಿ ನಿಂತರೆ ನ್ಯುಮೋನಿಯಾ, ಅದು ಇಳಿದರೆ ವಸಡಿನಲ್ಲಿ ಹುಣ್ಣು. ಕಿವಿಯೋಲೆ ಹಾಕಿದ ಗಾಯ ಕೊನೆವರೆಗೂ ಮಾಯಲಿಲ್ಲ, ಕೀವೂ ಕಟ್ಟಲಿಲ್ಲ. ಆಂಟಿಬಯೋಟಿಕ್ ಕೊಟ್ಟಾಗ ಚೇತರಿಕೆ, ನಿಲ್ಲಿಸಿದರೆ ಮತ್ತೆ ಶುರು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ವಿಪರೀತ ಜಾಸ್ತಿ ಇತ್ತು.

ಡಾಕ್ಟರು ಬ್ಲಾಡ್ ಇರಬಹುದು ಅಂದರು. ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಹೋಗಲಾಗದ ಹುಟ್ಟುದೋಷ ಅದು. ಡಿಎನ್‌ಎ ಪರೀಕ್ಷೆಗೆ ಕಳಿಸುವ ಮೊದಲೇ ಕರು ಹೋಯಿತು.

ತಲೆ ಕೆಟ್ಟಿರುವುದು ಇಲ್ಲಿ. ತಾಯಿ, ತಂದೆ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ, ಅಲ್ವಾ? ಆದರೆ ಹೋರಿಯ ಕ್ಯಾಟಲಾಗ್‌ನಲ್ಲಿ ಟಿಎಲ್ ಎಂದಿದೆ, ಅಂದರೆ ಪರೀಕ್ಷೆಯಲ್ಲಿ ದೋಷ ಸಿಕ್ಕಿಲ್ಲ. ಬಿಎಲ್, ಅಂದರೆ ಒಂದು ಕೆಟ್ಟ ಜೀನ್ ಇರುವ ವಾಹಕ, ಎಂದಿದ್ದರೆ ಒಪ್ಪಬಹುದಿತ್ತು. ತಾಯಿ ನೋಡಲು ಗಟ್ಟಿಮುಟ್ಟಾಗಿದೆ, ಆದರೆ ವಾಹಕ ಹಸುಗಳೂ ಹಾಗೇ ಇರುತ್ತವಲ್ಲ.

ಈಗ ಬ್ಲಾಡ್ ಬಿಟ್ಟು ಬಿವಿಡಿಯಂಥ (ದನಗಳ ವೈರಸ್ ಭೇದಿ ರೋಗ) ಸೋಂಕನ್ನು ಹುಡುಕಬೇಕಾ, ಇಲ್ಲ ಬೇರೆ ಹೋರಿಯ ವೀರ್ಯದ ಕಡ್ಡಿ ಬಳಕೆಯಾಗಿರಬಹುದು ಅಂತ ತಾಯಿಗೆ ಡಿಎನ್‌ಎ ಪರೀಕ್ಷೆ ಮಾಡಿಸಬೇಕಾ? ಮೊದಲು ಯಾವುದು? ತಾಯಿಯ ಬಾಲದ ಕೂದಲನ್ನು ಬೇರುಸಮೇತ ಕಿತ್ತು ಕಳಿಸಿದರೆ ಸಾಕಾ, ರಕ್ತವೇ ಬೇಕಾ?