ಚಿಂಚೋಳಿ ಕಾಡಿನ ಗುಡ್ಡಗಳನ್ನು ಒಂದೇ ದಿನದಲ್ಲಿ ಹತ್ತಿ ನೋಡಬಹುದೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ, ಕಲಬುರಗಿ)

ಮಾನ್ಯರೆ, ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳನ್ನು ಚಿಂಚೋಳಿ ವನ್ಯಜೀವಿಧಾಮಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಗುಡ್ಡ, ಕಾಡು ಎಂದರೆ ಮಲೆನಾಡು ಮತ್ತು ಕೊಡಗು ಎಂದೇ ಅವರ ತಲೆಯಲ್ಲಿ ಕೂತಿದೆ. ತೊಗರಿ ಹೊಲ ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮಕ್ಕಳು ನಂಬಿರುವುದು ನನಗೆ ಬಹಳ ದಿನಗಳಿಂದ ನೋವುಂಟುಮಾಡಿದೆ. ಗೊಟ್ಟಮಗೊಟ್ಟ ಮತ್ತು ಚಂದ್ರಂಪಳ್ಳಿ ಕಡೆಯ ಗುಡ್ಡಗಳ ತುದಿಗಳನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬಹುದೆ? ಎಲ್ಲಕ್ಕಿಂತ ಎತ್ತರದ ಶಿಖರ ಯಾವುದು? ಯಾವ ತಿಂಗಳು ಅನುಕೂಲ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಚಿಂಚೋಳಿಯಿಂದ)

ಗುರುಗಳೆ, ತಮ್ಮ ಯೋಚನೆ ಓದಿ ಸಂತೋಷವಾಯಿತು. ಆದರೆ ಶಿಖರ ಎಂಬ ಮಾತನ್ನು ಮೊದಲು ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಗುಡ್ಡಗಳಿಗೆ ಮೊನೆಯಿಲ್ಲ. ಅವುಗಳ ನೆತ್ತಿ ಬೋರಲು ಹಾಕಿದ ರೊಟ್ಟಿಯ ಹೆಂಚಿನಂತೆ ಚಪ್ಪಟೆಯಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ನೆಲದ ಮೇಲೆ ಹರಿದ ಲಾವಾ ಪದರದ ಮೇಲೆ ಪದರವಾಗಿ ಹರಡಿ ಕಪ್ಪು ಕಲ್ಲಾಯಿತು, ಅದರ ಮೇಲ್ಭಾಗ ಬಿಸಿಲು ಮಳೆಗೆ ಮಾಗಿ ಕೆಂಪು ಜಂಬಿಟ್ಟಿಗೆಯಾಯಿತು, ಆಮೇಲೆ ಹಳ್ಳಗಳು ಇವೆರಡನ್ನೂ ಕೊರೆದು ಕಣಿವೆ ಮಾಡಿದವು. ನೀರು ಕೊರೆಯದೆ ಬಿಟ್ಟ ಭಾಗವೇ ಇಂದಿನ ಗುಡ್ಡ. ಆದ್ದರಿಂದ ಇಲ್ಲಿ ತುದಿ ಎಣಿಸುತ್ತ ಓಡಾಡಿದರೆ ಮಕ್ಕಳ ಕಾಲು ಸೋಲುತ್ತದೆಯೇ ಹೊರತು ಕಣ್ಣು ತುಂಬುವುದಿಲ್ಲ.

ಒಂದೇ ಒಂದು ಗುಡ್ಡವನ್ನು ಆರಿಸಿಕೊಂಡು, ನೆತ್ತಿಯಿಂದ ಹಳ್ಳದವರೆಗೆ ನಿಧಾನವಾಗಿ ಇಳಿಯಿರಿ. ಮೇಲೆ ಜೇನುಗೂಡಿನಂತೆ ತೂತುಬಿದ್ದ ಕೆಂಪು ಕಲ್ಲು, ಕೆಳಗೆ ಈರುಳ್ಳಿ ಸಿಪ್ಪೆಯಂತೆ ಸುಲಿಯುವ ಕಪ್ಪು ಕಲ್ಲು. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಹುಟ್ಟುವುದು ಈ ಕಪ್ಪು ಕಲ್ಲು ಕರಗಿ ಎಂಬುದನ್ನು ಮಕ್ಕಳು ಕೈಯಿಂದ ಮುಟ್ಟಿ ತಿಳಿಯಲಿ. ದಾರಿಯಲ್ಲಿ ಸುಣ್ಣದ ಉಂಡೆಯಂತೆ ಬಿಳಿಚಿದ ಹಿಕ್ಕೆ ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ. ಕತ್ತೆಕಿರುಬ ಮೂಳೆಯನ್ನೂ ಕಡಿದು ಜೀರ್ಣಿಸಿಕೊಳ್ಳುವುದರಿಂದ ಅದರ ಹಿಕ್ಕೆ ಒಣಗಿದ ಮೇಲೆ ಹಾಗೆ ಬೆಳ್ಳಗಾಗುತ್ತದೆ. ಹಗಲಿನಲ್ಲಿ ಆ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ, ಹೀಗಾಗಿ ಈ ಗುರುತೇ ದೊಡ್ಡ ದರ್ಶನ.

2011ರಲ್ಲಿ 134.88 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆದು, ಸಿಬ್ಬಂದಿಯೊಬ್ಬರನ್ನು ಜೊತೆಗೆ ಕಳಿಸುವಂತೆ ಕೇಳಿಕೊಳ್ಳಿ.

ಉತ್ತರ (ಬೀದರದಿಂದ)

ಸರ್, ಎತ್ತಿಪೋತ ಜಲಪಾತ ನೋಡಬೇಕೆಂದರೆ ಮಳೆಗಾಲವೇ ಸರಿ, ಆದರೆ ಆಗ ಬಂಡೆ ಜಾರುತ್ತದೆ, ಇಪ್ಪತ್ತು ಮಕ್ಕಳನ್ನು ಕಾಯುವುದು ಕಷ್ಟ. ನಡೆಯುವುದಕ್ಕೆ ದೀಪಾವಳಿ ಕಳೆದ ಮೇಲಿಂದ ಸಂಕ್ರಾಂತಿಯವರೆಗಿನ ದಿನಗಳು ಉತ್ತಮ. ಶಿವರಾತ್ರಿಯ ಹೊತ್ತಿಗೆ ತೇಗ, ದಿಂಡುಗ ಎಲ್ಲವೂ ಎಲೆ ಉದುರಿಸಿ ನೆರಳೇ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಗೊಟ್ಟಮಗೊಟ್ಟ ಒಂದನ್ನೇ ಇಟ್ಟುಕೊಳ್ಳುತ್ತೇನೆ, ಬಕ್ಕಪ್ರಭು ದೇವಸ್ಥಾನದ ದರ್ಶನವೂ ಆದೀತು. ಮಧ್ಯಾಹ್ನದ ಅಡುಗೆಯನ್ನು ಅಲ್ಲಿಯೇ ಮಾಡಿಕೊಳ್ಳಬಹುದೆ?

ಉತ್ತರ (ಕುಂಚಾವರಂ ಹತ್ತಿರದ ತಾಂಡಾದಿಂದ)

ಗುರುಗಳೆ, ಕಾಡಿನಲ್ಲಿ ಒಲೆ ಹಚ್ಚುವುದು ಬೇಡವೇ ಬೇಡ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ, ಪ್ರವಾಸಕ್ಕೆ ಬಂದ ಒಂದು ಗುಂಪು ಅಡುಗೆ ಮುಗಿಸಿ ಕೆಂಡಕ್ಕೆ ನೀರು ಹಾಕದೆ ಹೊರಟುಹೋಯಿತು. ಸಂಜೆಯ ಗಾಳಿಗೆ ಒಣಹುಲ್ಲು ಹತ್ತಿಕೊಂಡಿತು. ನಮ್ಮ ತಾಂಡಾದ ಹೆಂಗಸರು, ಗಂಡಸರು ಹಸಿ ಟೊಂಗೆ ಹಿಡಿದು ಬಡಿಯುತ್ತ ಅರ್ಧ ರಾತ್ರಿ ಕಳೆದೆವು, ನನ್ನ ತಾಯಿಯ ಸೀರೆಯ ಸೆರಗು ಸುಟ್ಟಿತು. ಮರುದಿನ ನೋಡಿದರೆ ನಾವು ದನ ಮೇಯಿಸುವ ಅಂಚಿನವರೆಗೂ ನೆಲ ಕಪ್ಪಾಗಿತ್ತು. ಆ ಗುಂಪಿನವರಿಗೆ ಇದು ಇಂದಿಗೂ ಗೊತ್ತಿಲ್ಲ ಎಂಬುದೇ ನನ್ನ ದುಃಖ.

ಮನೆಯಿಂದಲೇ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಲ್ಯ ಕಟ್ಟಿಸಿಕೊಂಡು ಬನ್ನಿ. ಬಟ್ಟೆಯಲ್ಲಿ ಕಟ್ಟಿದರೆ ಪ್ಲಾಸ್ಟಿಕ್ ಚೀಲದ ಮಾತೇ ಬರುವುದಿಲ್ಲ. ಗುಡ್ಡದ ಮೇಲೆ ನೀರು ಸಿಗುತ್ತದೆಂದು ನಂಬಬೇಡಿ, ಮಗುವಿಗೆ ಎರಡು ಲೀಟರಿನಂತೆ ಹೊತ್ತು ತನ್ನಿ. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿಲೋಮೀಟರ್, ಅಲ್ಲಿಂದ ಮುಂದೆ ಕಾಡಿನ ರಸ್ತೆ. ಆದ್ದರಿಂದ ಬೆಳಗಿನ ಐದಕ್ಕೇ ಹೊರಟರೆ ಬಿಸಿಲೇರುವ ಮುಂಚೆ ನಡಿಗೆ ಶುರುಮಾಡಬಹುದು. ಬರುವ ದಿನ ಗೊತ್ತಾದ ಮೇಲೆ ಇಲ್ಲಿಯೇ ಒಂದು ಮಾತು ಬರೆಯಿರಿ. ಅನುಮತಿ ಸಿಕ್ಕಿದ್ದರೆ ನಾನೂ ಜೊತೆಗೆ ಬಂದು ಮಕ್ಕಳಿಗೆ ಮರಗಳ ಹೆಸರು ಹೇಳಿಕೊಡುತ್ತೇನೆ.